ಮಂಡಕಳ್ಳಿಯಿಂದ ಬಜಪೆಗೆ ಎಷ್ಟು ದೂರ?

ಮೈಸೂರಿನಿಂದ ಮಂಗಳೂರಿಗೆ ಎಷ್ಟು ದೂರ? ಈ ಸರಳ ಪ್ರಶ್ನೆಯನ್ನು ಮೂವರಿಗೆ ಕೇಳಿದರೆ ಮೂರು ಬಗೆಯ ಉತ್ತರ ಸಿಗುತ್ತದೆ. ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ನಿಂತ ಕಂಡಕ್ಟರು ‘ಸುಮಾರು ಇನ್ನೂರೈವತ್ತು ಕಿಲೋಮೀಟರು, ಆರೇಳು ಗಂಟೆ’ ಎನ್ನುತ್ತಾರೆ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದ ಶಾಲೆಯ ಹುಡುಗ ‘ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು’ ಎನ್ನುತ್ತಾನೆ. ಆ ಎರಡು ಊರುಗಳ ನಡುವೆ ವಿಮಾನ ಹಾರುತ್ತಿದ್ದ ದಿನಗಳ ವೇಳಾಪಟ್ಟಿ ನೋಡಿದವರು ‘ಒಂದು ಗಂಟೆ’ ಎನ್ನುತ್ತಾರೆ. ಮೂರೂ ನಿಜವೇ. ಆದರೆ ಒಂದು ಲೆಕ್ಕದಂತೆ ಇನ್ನೊಂದಿಲ್ಲ.

ಎರಡು ಚಿಕ್ಕ ವಿಮಾನ ನಿಲ್ದಾಣಗಳ ನಡುವಿನ ಅಂತರ ಮತ್ತು ಹಾರಾಟದ ಅವಧಿ ಕೇವಲ ಗಣಿತದ ವಿಷಯವೆಂದು ಮೇಲುನೋಟಕ್ಕೆ ತೋರುತ್ತದೆ. ಅಂತರವನ್ನು ವೇಗದಿಂದ ಭಾಗಿಸಿದರೆ ಉತ್ತರ ಸಿಕ್ಕಿತಲ್ಲ! ಆದರೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಎಂಟು ದಶಕಗಳ ಕಥೆಯನ್ನು ನೋಡಿದರೆ ಆ ಭಾಗಾಕಾರ ಮತ್ತೆ ಮತ್ತೆ ತಪ್ಪಿರುವುದು ಕಾಣುತ್ತದೆ. ಏಕೆ ತಪ್ಪಿತು ಎಂಬುದನ್ನು ತಿಳಿಯಲು ಮೊದಲು ದೂರವನ್ನು ನಮ್ಮವರು ಹೇಗೆ ಅಳೆಯುತ್ತಿದ್ದರು ಎಂಬುದನ್ನು ನೆನೆಯಬೇಕು.

ಕೂಗಳತೆಯಿಂದ ಸರಪಳಿಯವರೆಗೆ

ಕನ್ನಡದ ಹಳೆಯ ಅಳತೆಗಳು ನೆಲವನ್ನು ಅಳೆದದ್ದಕ್ಕಿಂತ ಹೆಚ್ಚಾಗಿ ಮನುಷ್ಯನ ಶ್ರಮವನ್ನು ಅಳೆದವು. ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳುವಷ್ಟು ದೂರ ‘ಕೂಗಳತೆ’. ಅದಕ್ಕಿಂತ ದೊಡ್ಡದು ‘ಹರದಾರಿ’, ಅಂದರೆ ಸುಮಾರು ಮೂರು ಮೈಲಿ. ಅದಕ್ಕೂ ದೊಡ್ಡದು ‘ಗಾವುದ’, ಹೆಚ್ಚುಕಡಿಮೆ ಹನ್ನೆರಡು ಮೈಲಿ. ಸೀಮೆಯಿಂದ ಸೀಮೆಗೆ ಈ ಅಳತೆಗಳು ಹಿಗ್ಗುತ್ತಿದ್ದವು, ಕುಗ್ಗುತ್ತಿದ್ದವು. ಇನ್ನೂ ದೂರದ ಪಯಣಕ್ಕೆ ಅಳತೆಯ ಗೊಡವೆಯೇ ಇರಲಿಲ್ಲ. ‘ಮೂರು ದಿನದ ಹಾದಿ’, ‘ಎಂಟು ದಿನದ ಹಾದಿ’ ಎಂದರೆ ಸಾಕಾಗಿತ್ತು. ಬಯಲಿನ ಮೂರು ದಿನವೂ ಘಟ್ಟದ ಮೂರು ದಿನವೂ ಮೈಲಿಯಲ್ಲಿ ಒಂದೇ ಅಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಯಣಿಗನಿಗೆ ಬೇಕಾದದ್ದು ಮೈಲಿಯ ಲೆಕ್ಕವಲ್ಲ, ಎಷ್ಟು ಬುತ್ತಿ ಕಟ್ಟಿಕೊಳ್ಳಬೇಕು ಎಂಬ ಲೆಕ್ಕ.

ನೇರ ಗೆರೆಯ ದೂರ ಈ ನಾಡಿಗೆ ಬಂದದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಆ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಮೈಸೂರು ಸೀಮೆಯನ್ನು ಹಾಯ್ದು ತ್ರಿಕೋನಗಳ ಜಾಲ ಹೆಣೆದು ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆಯಲಾಯಿತು. ಮುಂದೆ ಈ ಕೆಲಸವೇ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಗಿ ಹಿಮಾಲಯದವರೆಗೆ ಬೆಳೆಯಿತು. ಮದರಾಸಿನಿಂದ ಮಂಗಳೂರಿನವರೆಗಿನ ಅಳತೆ ಮುಗಿದಾಗ ಒಂದು ಅಚ್ಚರಿ ಹೊರಬಿತ್ತು. ಅದುವರೆಗಿನ ಭೂಪಟಗಳಲ್ಲಿ ಸುಮಾರು 400 ಮೈಲಿ ಎಂದು ತೋರಿಸಿದ್ದ ಪರ್ಯಾಯ ದ್ವೀಪದ ಅಗಲ ನಿಜವಾಗಿ 360 ಮೈಲಿ ಮಾತ್ರ ಇತ್ತು. ಕಾಗದದ ಮೇಲೆ ನಲವತ್ತು ಮೈಲಿ ನೆಲವೇ ಮಾಯವಾಯಿತು!

ನೆಲದ ಮೇಲೆ ನಡೆಯುವವನಿಗೆ ಮಾತ್ರ ಈ ನಲವತ್ತು ಮೈಲಿಯಿಂದ ಒಂದು ಹೆಜ್ಜೆಯೂ ಉಳಿಯಲಿಲ್ಲ. ಅದೇ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸವನ್ನು ದಿನಚರಿಯ ರೂಪದಲ್ಲಿ, ತಂಗುದಾಣದಿಂದ ತಂಗುದಾಣಕ್ಕೆ ಬರೆದಿಟ್ಟ. ಲ್ಯಾಂಬ್ಟನ್ನನದು ಹಕ್ಕಿಯ ದೂರವಾದರೆ ಬುಕಾನನ್ನನದು ಕಾಲಿನ ದೂರ. ವಿಮಾನ ಬಂದಾಗ ಜನ ಸಹಜವಾಗಿಯೇ ಭಾವಿಸಿದ್ದು ಇನ್ನು ಮೇಲೆ ಹಕ್ಕಿಯ ದೂರವೇ ನಿಜವಾದ ದೂರ ಎಂದು.

ಹಕ್ಕಿಯ ದೂರ, ವಿಮಾನದ ಹೊತ್ತು

ಮಂಡಕಳ್ಳಿ ಮತ್ತು ಬಜಪೆಯ ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಲೆಕ್ಕ ಹಾಕಿದರೆ ಅವುಗಳ ನಡುವಿನ ನೇರ ಅಂತರ ಸುಮಾರು 208 ಕಿ.ಮೀ. ಇಂಥ ಚಿಕ್ಕ ಮಾರ್ಗಗಳಲ್ಲಿ ಹಾರುವ ಎಟಿಆರ್–72 ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಭಾಗಿಸಿದರೆ 25 ನಿಮಿಷ. ಆದರೆ ವೇಳಾಪಟ್ಟಿಯಲ್ಲಿದ್ದದ್ದು ಒಂದು ಗಂಟೆ. ಉಳಿದ 35 ನಿಮಿಷ ಎಲ್ಲಿ ಹೋಯಿತು?

ವಿಮಾನಯಾನದಲ್ಲಿ ಪ್ರಯಾಣದ ಅವಧಿ ಎಂದರೆ ಗಾಳಿಯಲ್ಲಿರುವ ಹೊತ್ತಲ್ಲ. ಚಕ್ರಗಳಿಗೆ ಕೊಟ್ಟ ಅಡೆಯನ್ನು ತೆಗೆದು ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಅದು ನಿಂತು ಮತ್ತೆ ಚಕ್ರಕ್ಕೆ ಅಡೆ ಕೊಡುವವರೆಗಿನ ಹೊತ್ತು. ನೆಲದ ಮೇಲೆ ಮೆಲ್ಲಗೆ ಉರುಳಿ ರನ್‌ವೇ ತುದಿಗೆ ಹೋಗುವುದು, ಅಪ್ಪಣೆಗಾಗಿ ಕಾಯುವುದು, ಇಳಿದ ಮೇಲೆ ತಂಗುವ ಜಾಗಕ್ಕೆ ಬರುವುದು ಎಲ್ಲವೂ ಅದರಲ್ಲಿ ಸೇರಿವೆ. ಮೇಲೇರುವಾಗ ವಿಮಾನಕ್ಕೆ ಪೂರ್ತಿ ವೇಗವಿರುವುದಿಲ್ಲ. ಇಳಿಯುವಾಗಲೂ ಬಹು ಮೊದಲೇ ವೇಗ ತಗ್ಗಿಸಬೇಕು. ಇನ್ನೂರು ಕಿಲೋಮೀಟರಿನ ಹಾರಾಟವೆಂದರೆ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾದಂತೆ. ಗಂಟೆಗೆ 500 ಕಿ.ಮೀ. ಎಂಬ ವೇಗ ನಡುವಿನ ಕೆಲವೇ ನಿಮಿಷಗಳ ಮಾತು.

ದಿಕ್ಕಿನ ಪ್ರಶ್ನೆಯೂ ಇದೆ. ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಮಂಡಕಳ್ಳಿಯ ರನ್‌ವೇ ಪೂರ್ವ–ಪಶ್ಚಿಮವಾಗಿದೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಬೀಸುವಾಗ ಮಂಗಳೂರಿನ ವಿಮಾನ ಏರುತ್ತಲೇ ಹೆಚ್ಚುಕಡಿಮೆ ತನ್ನ ದಾರಿ ಹಿಡಿಯಬಹುದು. ಈಶಾನ್ಯಕ್ಕಿರುವ ಬೆಂಗಳೂರಿಗೆ ಹೋಗುವ ವಿಮಾನ ಮಾತ್ರ ಏರಿ, ಬೆನ್ನು ತಿರುಗಿಸಿ ಹೊರಡಬೇಕು. ಬಜಪೆಯ ರನ್‌ವೇ ಈಶಾನ್ಯದಿಂದ ನೈರುತ್ಯಕ್ಕೆ ಚಾಚಿದೆ. ಕಡಲ ಕಡೆಯ ಗಾಳಿ ಇರುವಾಗ ಮೈಸೂರಿನಿಂದ ಬಂದ ವಿಮಾನ ಈಶಾನ್ಯದ ಬದಿಗೆ ಸುತ್ತಿ ಇಳಿಯಬೇಕಾಗುತ್ತದೆ. ಇಂಥ ಸುತ್ತುಗಳಿಗೆಲ್ಲ ಸೇರಿಸಿ, ಒಂದಿಷ್ಟು ಕೈಮೀಸಲೂ ಇಟ್ಟುಕೊಂಡು ವೇಳಾಪಟ್ಟಿಯಲ್ಲಿ ಒಂದು ಗಂಟೆ ಎಂದು ಬರೆಯುತ್ತಾರೆ. ಎಟಿಆರ್ ಬದಲು ಗಂಟೆಗೆ 800 ಕಿ.ಮೀ. ಮೀರಿ ಹೋಗುವ ಜೆಟ್ ವಿಮಾನ ಹಾಕಿದರೂ ಉಳಿಯುವುದು ಕೆಲವು ನಿಮಿಷ ಮಾತ್ರ. ದೂರ ಕಡಿಮೆಯಾದಷ್ಟೂ ವೇಗದ ಬೆಲೆ ಇಳಿಯುತ್ತದೆ.

ಮತ್ತೆ ಮತ್ತೆ ಸೋತ ಮಾರ್ಗ

ಮೈಸೂರು ಸಂಸ್ಥಾನ ಸರ್ಕಾರ ಮಂಡಕಳ್ಳಿಯಲ್ಲಿ ವಿಮಾನದ ಮೈದಾನ ಸಿದ್ಧಪಡಿಸಿದ್ದು 1940ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅರಮನೆಯ ನಗರಕ್ಕೂ ಕಾರ್ಖಾನೆಯ ನಗರಕ್ಕೂ ಆಕಾಶದಲ್ಲಿ ಸೇತುವೆ ಬೀಳಲಿದೆ ಎಂದು ಆಗ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮಂಡಕಳ್ಳಿಯಿಂದ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ನೇರ ಅಂತರ ಸುಮಾರು 136 ಕಿ.ಮೀ. ಮಾತ್ರ.

ಸ್ವಾತಂತ್ರ್ಯಾನಂತರ ನಿಲ್ದಾಣ ಕೇಂದ್ರ ಸರ್ಕಾರದ ಕೈಗೆ ಬಂತು. ಡಕೋಟಾ ವಿಮಾನ ಕೆಲಕಾಲ ಬೆಂಗಳೂರಿಗೆ ಹಾರಿ ನಿಂತಿತು. ಚಿಕ್ಕ ಊರುಗಳನ್ನು ಜೋಡಿಸಲೆಂದೇ 1981ರಲ್ಲಿ ಹುಟ್ಟಿದ ವಾಯುದೂತ್ ಸಂಸ್ಥೆ ಆ ದಶಕದಲ್ಲಿ ಡಾರ್ನಿಯರ್ ವಿಮಾನ ತಂದಿತು, ಅದೂ ನಿಂತಿತು. ಹೊಸ ರನ್‌ವೇ, ಹೊಸ ಕಟ್ಟಡದೊಂದಿಗೆ ನಿಲ್ದಾಣ 2010ರ ಮೇ ತಿಂಗಳಲ್ಲಿ ಮತ್ತೆ ಉದ್ಘಾಟನೆಗೊಂಡಿತು. ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಸಂಸ್ಥೆ ಬೆಂಗಳೂರಿಗೆ ಹಾರಾಟ ಆರಂಭಿಸಿತು. ಸಂಸ್ಥೆಯೇ ಸಂಕಷ್ಟದಲ್ಲಿದ್ದ ಕಾಲವದು. 2011ರ ನವೆಂಬರ್‌ನಲ್ಲಿ ಸೇವೆ ಮುಗಿಯಿತು. 2013ರಲ್ಲಿ ಸ್ಪೈಸ್‌ಜೆಟ್, 2015ರಲ್ಲಿ ಏರ್ ಇಂಡಿಯಾ, 2019ರಲ್ಲಿ ಅಲಯನ್ಸ್ ಏರ್ ಬಂದವು. ಬೆಂಗಳೂರಿನ ಹಾರಾಟ ಯಾರ ಕೈಯಲ್ಲೂ ಬಹುಕಾಲ ನೆಲೆಯೂರಲಿಲ್ಲ.

ಸಂಸ್ಥೆಗಳು ಬೇರೆ, ವಿಮಾನಗಳು ಬೇರೆ, ಕಾಲ ಬೇರೆ. ಆದರೂ ಫಲ ಒಂದೇ ಆದುದಕ್ಕೆ ಒಂದು ಕಾರಣ ನೆಲದ ಮೇಲೆಯೇ ಇದೆ. ಅದು ರೈಲು. 1876–78ರ ಭೀಕರ ಕ್ಷಾಮದ ದಿನಗಳಲ್ಲಿ ಬರಪರಿಹಾರದ ಕಾಮಗಾರಿಯಾಗಿ ಮೊದಲಾದ ಬೆಂಗಳೂರು–ಮೈಸೂರು ರೈಲುಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಅದರ ಉದ್ದ ಸುಮಾರು 139 ಕಿ.ಮೀ.; ಅಂದರೆ ಹಕ್ಕಿಯ ದೂರಕ್ಕಿಂತ ಹೆಚ್ಚೇನೂ ಅಲ್ಲ. ನಡುವೆ ದೊಡ್ಡ ಬೆಟ್ಟವಿಲ್ಲ, ಘಟ್ಟವಿಲ್ಲ. ಅನಂತರದ ಒಂದೊಂದು ಸುಧಾರಣೆಯೂ ಈ ಹಾದಿಯನ್ನು ಇನ್ನಷ್ಟು ಹತ್ತಿರ ಮಾಡಿತು. ಟಿಪ್ಪು ಎಕ್ಸ್‌ಪ್ರೆಸ್ (2022ರಿಂದ ಒಡೆಯರ್ ಎಕ್ಸ್‌ಪ್ರೆಸ್) ಸುಮಾರು ಎರಡೂವರೆ ಗಂಟೆಯಲ್ಲಿ ಊರು ಮುಟ್ಟಿಸುತ್ತದೆ. ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂದಾಗ, 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿ ಇಟ್ಟರು. 2022ರ ನವೆಂಬರ್‌ನಲ್ಲಿ ಬಂದ ವಂದೇ ಭಾರತ್ ರೈಲು ಎರಡು ಗಂಟೆಯ ಆಸುಪಾಸಿಗೆ ಇಳಿಸಿತು. 2023ರ ಮಾರ್ಚ್‌ನಲ್ಲಿ 118 ಕಿ.ಮೀ. ಉದ್ದದ ಹೊಸ ಹೆದ್ದಾರಿಯೂ ಉದ್ಘಾಟನೆಯಾಯಿತು.

ಇತ್ತ ಆಕಾಶದ ದಾರಿ ಉದ್ದವಾಗುತ್ತ ಹೋಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡಿತು. ಮಂಡಕಳ್ಳಿಯಿಂದ ನೇರ ಅಂತರ 136ರಿಂದ ಸುಮಾರು 156 ಕಿ.ಮೀ.ಗೆ ಏರಿತು. ಅದು ದೊಡ್ಡ ಮಾತಲ್ಲ. ಇಳಿದ ಮೇಲೆ ಊರೊಳಗೆ ಬರಲು ಇನ್ನೂ ಮೂವತ್ತೈದು ಕಿ.ಮೀ. ರಸ್ತೆ ಪಯಣ ಮಾಡಬೇಕಾಯಿತು ಎಂಬುದೇ ದೊಡ್ಡ ಮಾತು.

ಸರಸ್ವತಿಪುರಂನಿಂದ ಬೆಂಗಳೂರಿನ ಜಯನಗರಕ್ಕೆ ಹೊರಟ ಒಬ್ಬರ ಲೆಕ್ಕ ನೋಡೋಣ. ಮಂಡಕಳ್ಳಿಗೆ ಅರ್ಧ ಗಂಟೆ, ಅಲ್ಲಿ ತಪಾಸಣೆ ಮುಗಿಸಿ ಕಾಯಲು ಒಂದು ಗಂಟೆ, ವಿಮಾನದಲ್ಲಿ ಮುಕ್ಕಾಲು ಗಂಟೆ, ಸಾಮಾನು ಪಡೆದು ಹೊರಬರಲು ಇಪ್ಪತ್ತು ನಿಮಿಷ, ದೇವನಹಳ್ಳಿಯಿಂದ ಜಯನಗರಕ್ಕೆ ಒಂದೂವರೆ ಗಂಟೆ. ಒಟ್ಟು ನಾಲ್ಕು ಗಂಟೆಗೂ ತುಸು ಹೆಚ್ಚು. ಆ ಹೊತ್ತಿಗೆ ರೈಲಿನಲ್ಲಿ ಹೋದವರು ಮನೆ ಮುಟ್ಟಿ ಕಾಫಿ ಕುಡಿದಿರುತ್ತಾರೆ. ದೇವನಹಳ್ಳಿಯಿಂದ ದೆಹಲಿಗೋ ವಿದೇಶಕ್ಕೋ ಮುಂದಿನ ವಿಮಾನ ಹಿಡಿಯುವವರಿಗೆ ಮಾತ್ರ ಈ ಲೆಕ್ಕ ಬೇರೆ. ಅವರಿಗೆ ನಿಲ್ದಾಣವೇ ಗಮ್ಯ. ಆದರೆ ಅವರಿಗಾಗಿಯೂ ಮೈಸೂರಿನಿಂದ ದೇವನಹಳ್ಳಿಗೆ ನೇರವಾಗಿ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ.

ನಡುವೆ ಘಟ್ಟವಿದ್ದರೆ

ಮಂಗಳೂರಿನ ಕಥೆ ಹೀಗಲ್ಲ. ನಡುವೆ ಪಶ್ಚಿಮ ಘಟ್ಟ ನಿಂತಿದೆ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಬಜಪೆ ನೂರು ಮೀಟರಿನ ಸುಮಾರಿನಲ್ಲಿ. ಆದರೆ ಬಸ್ಸು ಮೈಸೂರಿನಿಂದ ನೇರವಾಗಿ ಕೆಳಗಿಳಿಯುವುದಿಲ್ಲ. ಹುಣಸೂರು, ಕುಶಾಲನಗರ ದಾಟಿ 1,100 ಮೀಟರಿಗೂ ಮೀರಿದ ಎತ್ತರದ ಮಡಿಕೇರಿಗೆ ಹತ್ತಿ, ಅಲ್ಲಿಂದ ತಿರುವು ತಿರುವಿನಲ್ಲಿ ಸಂಪಾಜೆಗೆ ಇಳಿಯುತ್ತದೆ. ರೈಲಿನಲ್ಲಿ ಹೋಗುವುದಾದರೆ ಹಾಸನವನ್ನು ಬಳಸಿ 300 ಕಿ.ಮೀ.ಗೂ ಹೆಚ್ಚು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ನಿಧಾನವಾಗಿಯೇ ಸಾಗಬೇಕು.

ಇಲ್ಲಿ ಅದೇ ಮನೆಬಾಗಿಲ ಲೆಕ್ಕ ಹಾಕಿ ನೋಡಬಹುದು. ನಿಲ್ದಾಣಕ್ಕೆ ಅರ್ಧ ಗಂಟೆ, ಕಾಯಲು ಒಂದು, ಹಾರಾಟ ಒಂದು, ಹೊರಬಂದು ಮಂಗಳೂರು ಪೇಟೆ ಮುಟ್ಟಲು ಒಂದು. ಒಟ್ಟು ಮೂರೂವರೆ ಗಂಟೆ. ಬಸ್ಸಿನ ಅರ್ಧ ಹೊತ್ತು! ಮೈಸೂರು–ಬೆಂಗಳೂರು ಮಾರ್ಗಕ್ಕೆ ಹೋಲಿಸಿದರೆ ಹಕ್ಕಿಯ ದೂರ ಐವತ್ತೇ ಕಿಲೋಮೀಟರು ಹೆಚ್ಚು. ಆದರೆ ಅಲ್ಲಿ ಹೊತ್ತು ನಷ್ಟ, ಇಲ್ಲಿ ಲಾಭ. ವ್ಯತ್ಯಾಸ ಮಾಡಿದ್ದು ಆ ಐವತ್ತು ಕಿಲೋಮೀಟರಲ್ಲ, ಘಟ್ಟ.

ಘಟ್ಟದ ಮಹಿಮೆ ಪೂರ್ತಿಯಾಗಿ ತಿಳಿದದ್ದು 2018ರ ಆಗಸ್ಟ್‌ನಲ್ಲಿ. ಕೊಡಗಿನಲ್ಲಿ ಗುಡ್ಡಗಳು ಜರಿದು ಜೀವಗಳು, ಮನೆಗಳು, ತೋಟಗಳು ಮಣ್ಣುಪಾಲಾದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಅಲ್ಲಲ್ಲಿ ಕೊಚ್ಚಿಹೋಗಿ ವಾರಗಟ್ಟಲೆ ಮುಚ್ಚಿತು. ಶಿರಾಡಿ ಘಾಟಿಯ ರಸ್ತೆಯೂ ಘಟ್ಟದ ರೈಲುಹಾದಿಯೂ ಮಣ್ಣು ಕುಸಿದು ನಿಂತುಹೋದವು. ಭೂಪಟದಲ್ಲಿ ಮಂಗಳೂರು ಇದ್ದಲ್ಲೇ ಇತ್ತು. ಮಗಳ ಕಾಲೇಜಿಗೆ, ಆಸ್ಪತ್ರೆಯಲ್ಲಿದ್ದ ನಂಟರ ಬಳಿಗೆ ಹೋಗಬೇಕಾದವರಿಗೆ ಅದು ಎಷ್ಟು ದೂರವಾಗಿತ್ತು ಎಂಬುದನ್ನು ಯಾವ ಅಳತೆಪಟ್ಟಿಯೂ ಹೇಳುತ್ತಿರಲಿಲ್ಲ.

2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಮೈಸೂರು–ಮಂಗಳೂರು ನಡುವೆ ವಿಮಾನ ಹಾರಿಸಿತು. 1951ರ ಡಿಸೆಂಬರ್‌ನಲ್ಲಿ ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ ಬಜಪೆ ನಿಲ್ದಾಣವೂ ಮಂಡಕಳ್ಳಿಯೂ ಕೊನೆಗೊಮ್ಮೆ ನೇರವಾಗಿ ಜೋಡಿಯಾದವು. ಆದರೆ ಈ ಸೇವೆಯೂ ಬಹುಕಾಲ ನಿಲ್ಲಲಿಲ್ಲ. ಹೊತ್ತು ಉಳಿದರೂ ಹೀಗೇಕೆ? ಮನೆಬಾಗಿಲ ಲೆಕ್ಕದಲ್ಲಿ ಬಿಟ್ಟುಹೋದ ಇನ್ನೊಂದು ಬಾಬತ್ತಿದೆ. ವಿಮಾನ ದಿನವೂ ಇರಲಿಲ್ಲ. ವಾರದ ಕೆಲವು ದಿನ, ಅದೂ ಒಂದು ನಿಗದಿತ ಹೊತ್ತಿಗೆ. ಬಸ್ಸು ಹಾಗಲ್ಲ, ಒಂದು ತಪ್ಪಿದರೆ ಇನ್ನೊಂದು. ಸೋಮವಾರ ಬೆಳಿಗ್ಗೆ ಮಂಗಳೂರಿನಲ್ಲಿ ಇರಲೇಬೇಕಾದವರಿಗೆ ಬುಧವಾರದ ಒಂದು ಗಂಟೆಯ ಹಾರಾಟ ಎರಡು ದಿನದ ಹಾದಿಯೇ ಸರಿ. ಕಾಯುವ ಹೊತ್ತೂ ದೂರವೇ.

ಗಂಟೆಯ ಲೆಕ್ಕದ ದರ

ಸರ್ಕಾರವೂ ಚಿಕ್ಕ ನಿಲ್ದಾಣಗಳ ನಡುವಿನ ದೂರವನ್ನು ಹೊತ್ತಿನಲ್ಲೇ ಅಳೆಯತೊಡಗಿದ್ದು ಕುತೂಹಲದ ಸಂಗತಿ. 2016ರಲ್ಲಿ ಪ್ರಕಟಿಸಿದ ‘ಉಡಾನ್’ ಯೋಜನೆಯಡಿ, ವಿಮಾನದ ಒಂದು ಪಾಲು ಸೀಟುಗಳಿಗೆ ‘ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ’ ಎಂಬ ಮಿತಿ ಹಾಕಲಾಯಿತು. ಸುಮಾರು 500 ಕಿ.ಮೀ. ಹಾರಾಟವನ್ನು ಒಂದು ಗಂಟೆ ಎಂದು ಎಣಿಸಲಾಯಿತು. ವಿಮಾನ ಸಂಸ್ಥೆಗಳಿಗೆ ಬೀಳುವ ನಷ್ಟವನ್ನು ಮೂರು ವರ್ಷ ಸಹಾಯಧನದಿಂದ ತುಂಬಿಕೊಡುವುದು ಯೋಜನೆಯ ತಿರುಳು. ಮೈಸೂರಿನಿಂದ 2017ರಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿದ್ದು, 2019ರಲ್ಲಿ ಹೈದರಾಬಾದ್, ಕೊಚ್ಚಿ, ಗೋವಾಗಳಿಗೆ ವಿಮಾನ ಬಂದದ್ದು ಈ ಯೋಜನೆಯಡಿಯಲ್ಲೇ. ಇವುಗಳಲ್ಲಿ ಹೆಚ್ಚು ಗಟ್ಟಿಯಾಗಿ ನಿಂತದ್ದು ಹೈದರಾಬಾದಿನಂಥ ದೂರದ ಊರುಗಳ ಮಾರ್ಗ. ಅಲ್ಲಿಗೆ ರೈಲಿನಲ್ಲಿ ಒಂದು ರಾತ್ರಿ ಕಳೆಯಬೇಕು. ವೇಗಕ್ಕೆ ಬೆಲೆ ಬರುವುದು ಅಂಥ ಕಡೆ.

ಈ ನ್ಯಾಯ ಮೈಸೂರಿಗಷ್ಟೇ ಸೀಮಿತವಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ದ್ವೀಪಗಳ ನಡುವೆ 1967ರಿಂದ ವಿಮಾನ ಹಾರುತ್ತಿದೆ. ಅಂತರ ಮೂರು ಕಿ.ಮೀ.ಗಿಂತ ಕಡಿಮೆ, ಹಾರಾಟ ಎರಡು ನಿಮಿಷದೊಳಗೆ. ನಿಗದಿತ ವಿಮಾನ ಸೇವೆಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಚಿಕ್ಕದು ಇದು. ಹಾಸ್ಯಾಸ್ಪದವೆನಿಸಬಹುದು. ಆದರೆ ನಡುವೆ ಕಡಲಿದೆ. ಇದಕ್ಕೆ ತದ್ವಿರುದ್ಧವಾಗಿ ಫ್ರಾನ್ಸ್ ದೇಶ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ಊರುಗಳಿಗೆ ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ಹೋಗುತ್ತಿದ್ದ ವಿಮಾನಗಳನ್ನು ನಿಷೇಧಿಸಿತು. ಅಲ್ಲಿನ ಅಂತರಗಳು ನೂರಾರು ಕಿಲೋಮೀಟರು. ಮೂರು ಕಿಲೋಮೀಟರಿಗೆ ವಿಮಾನ ಬೇಕು, ಮುನ್ನೂರಕ್ಕೆ ಬೇಡ!

ಮಂಡಕಳ್ಳಿಯ ಮುಂದಿನ ಪ್ರಶ್ನೆ

ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ಎಟಿಆರ್‌ನಂಥ ವಿಮಾನಕ್ಕೆ ಇಷ್ಟು ಸಾಕು. ಏರ್‌ಬಸ್ 320, ಬೋಯಿಂಗ್ 737ರಂಥ ಜೆಟ್‌ಗಳು ತುಂಬು ಭಾರ ಹೊತ್ತು ನಿರಾತಂಕವಾಗಿ ಏರಿಳಿಯಲು ಎರಡು ಸಾವಿರ ಮೀಟರಿಗೂ ಹೆಚ್ಚು ಬೇಕು. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿರುವುದರಿಂದ ಕರಾವಳಿಗಿಂತ ಇಲ್ಲಿ ಉದ್ದ ಇನ್ನೂ ಹೆಚ್ಚಾಗಿರಬೇಕು. ಆದ್ದರಿಂದ ವಿಸ್ತರಣೆಯ ಮಾತು ವರ್ಷಗಳಿಂದ ನಡೆದಿದೆ. ಆದರೆ ನಿಲ್ದಾಣಕ್ಕೆ ಹೊಂದಿಕೊಂಡೇ ನಂಜನಗೂಡಿನ ಹೆದ್ದಾರಿ ಹಾದುಹೋಗುತ್ತದೆ. ಹೆದ್ದಾರಿಯನ್ನು ರನ್‌ವೇ ಅಡಿಯಲ್ಲಿ ಸಾಗಿಸುವ ಆಲೋಚನೆಯೂ ಬಂದಿದೆ. ಉದ್ದವಾಗುವ ಒಂದೊಂದು ಮೀಟರೂ ಸುತ್ತಲಿನ ಹಳ್ಳಿಗಳ ಯಾರದೋ ಹೊಲದ ಮೇಲೆ ಹಾಯಬೇಕು. ಖರ್ಚು ಮಾತ್ರ ಎಲ್ಲರದು.

ಹಾಗೆಂದ ಮಾತ್ರಕ್ಕೆ ನಿಲ್ದಾಣ ಬೇಡವೆಂದು ಅರ್ಥವಲ್ಲ. ದೆಹಲಿ, ಮುಂಬಯಿ, ಕೋಲ್ಕತ್ತದಂಥ ದೂರದ ಊರುಗಳಿಗೆ ಮೈಸೂರಿನಿಂದ ನೇರವಾಗಿ ಹಾರುವುದಾದರೆ ಉಳಿಯುವುದು ನಿಮಿಷಗಳಲ್ಲ, ಅರ್ಧ ದಿನ. ದೊಡ್ಡ ರನ್‌ವೇ ಬೇಕೆನ್ನುವವರ ವಾದಕ್ಕೆ ಬಲವಿರುವುದು ಅಲ್ಲಿ. ಬೆಂಗಳೂರಿನ ಹಾರಾಟವನ್ನು ಮತ್ತೊಮ್ಮೆ ಆರಂಭಿಸುವುದಕ್ಕಾಗಿ ಎಂದಾದರೆ ಎಂಟು ದಶಕದ ಅನುಭವ ಬೇರೆಯೇ ಮಾತನ್ನು ಹೇಳುತ್ತದೆ. ಘಟ್ಟದ ಆಚೆಯ ಮಂಗಳೂರಿಗಾದರೆ ಉದ್ದ ರನ್‌ವೇ ಬೇಕಿಲ್ಲ. ಬೇಕಿರುವುದು ದಿನವೂ ಹಾರುವ ಚಿಕ್ಕ ವಿಮಾನ, ಮತ್ತು ಮಳೆಗಾಲದಲ್ಲಿ ಜರಿಯದ ರಸ್ತೆ.

ಲ್ಯಾಂಬ್ಟನ್ನನ ಸರಪಳಿ ಕೊಟ್ಟ ದೂರ ಇಂದಿಗೂ ಸುಳ್ಳಲ್ಲ. ಆದರೆ ಅದರ ಜೊತೆಗೆ ಹಳೆಯ ಪಯಣಿಗರ ಲೆಕ್ಕವನ್ನೂ ಇಟ್ಟುಕೊಳ್ಳದಿದ್ದರೆ ಯೋಜನೆಗಳು ತಪ್ಪುತ್ತವೆ. ‘ಅಲ್ಲಿಗೆ ಎಷ್ಟು ದೂರ?’ ಎಂದು ಕೇಳಿದರೆ ಅಜ್ಜಂದಿರು ಮೈಲಿ ಹೇಳುತ್ತಿರಲಿಲ್ಲ. ‘ಬೆಳಿಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಹೋಗಿ ಸೇರಬಹುದು’ ಎನ್ನುತ್ತಿದ್ದರು. ಮನೆಯಿಂದ ಹೊರಟು ಮನೆ ಸೇರುವವರೆಗಿನ ಆ ಲೆಕ್ಕ ವಿಮಾನಕ್ಕೂ ಸಲ್ಲುತ್ತದೆ.